ದುಂಡಮ್ಮನ ಬೂದಿ ಬೆರಳು

ದುಂಡಮ್ಮನ ಬಲಗೈಯ ಎರಡು ಬೆರಳು ಯಾವಾಗಲೂ ಬೂದಿ ಬಣ್ಣಕ್ಕಿದ್ದವು. ಹೆಬ್ಬೆರಳು, ತೋರುಬೆರಳು. ಉಣ್ಣುವ ಮುಂಚೆ ಎಷ್ಟು ತೊಳೆದರೂ ಗೆರೆಗಳ ಒಳಗೆ ಬೂದಿ ಉಳಿದೇ ಇರುತ್ತಿತ್ತು. ಅದರಲ್ಲಿ ಮಹಿಮೆ ಏನೂ ಇರಲಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿದ ಮೇಲೆ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಹೊಸೆಯಬೇಕು. ರೇಷ್ಮೆ ಜಾರುತ್ತದೆ. ಬೆರಳಿಗೆ ಹಿಡಿತ ಬರಲಿ ಅಂತ ತೆಂಗಿನ ಚಿಪ್ಪಿನಲ್ಲಿ ಒಲೆಯ ಬೂದಿ ಇಟ್ಟುಕೊಳ್ಳುತ್ತಿದ್ದೆವು. ಅಷ್ಟೇ ವಿಷಯ.

ನಾವಿಬ್ಬರೂ ಮಧುವನಹಳ್ಳಿಯವರು. ದಿನಾ ಬೆಳಿಗ್ಗೆ ಕೊಳ್ಳೇಗಾಲಕ್ಕೆ ನಡೆದು ಹೋಗಿ ಒಂದು ಮಗ್ಗದ ಮನೆಯಲ್ಲಿ ಈ ಎಳೆ ಸೇರಿಸುವ ಕೆಲಸ ಮಾಡುತ್ತಿದ್ದೆವು. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಇಲ್ಲ, ಮಕ್ಕಳಿಲ್ಲ. ಕೆನ್ನೆಯಲ್ಲಿ ಕಡ್ಡಿಪುಡಿ ಹೊಗೆಸೊಪ್ಪು, ಬಾಯಲ್ಲಿ ಬೈಗುಳ. ನನಗೆ ಕೆಲಸ ಕಲಿಸಿದವಳು ಅವಳೇ. ಸಾವಿರಾರು ಎಳೆಯಲ್ಲಿ ಒಂದನ್ನು ತಪ್ಪಾಗಿ ಸೇರಿಸಿದರೆ ಅಲ್ಲಿಂದಾಚೆಗಿನ ಎಲ್ಲವೂ ತಪ್ಪು. ಒಂದು ಸಾರಿ ನಾನು ಹಾಗೆ ಮಾಡಿ, ಯಾರಿಗೆ ಕಾಣುತ್ತದೆ ಅಂತ ಮುಂದುವರಿಸಿದ್ದೆ. ಅವಳು ಬಂದು ಬೆರಳಾಡಿಸಿದವಳೇ ನನ್ನ ತಲೆಗೊಂದು ಮೊಟಕಿದಳು.

"ಯಾಕೆ ರಾಚಿ, ಕಣ್ಣು ಗಂಡನ ಮನೇಲಿ ಮಡಗಿ ಬಂದಿದ್ದಯಾ? ಬಿಚ್ಚು."

"ಅಕ್ಕಾ, ಇನ್ನೂರು ಎಳೆ ಆಗೋಯ್ತು."

"ಆದ್ರೆ ಆಯ್ತು. ತಪ್ಪು ಎಲ್ಲಯ್ತೋ ಅಲ್ಲಿಗಂಟ ಬಿಚ್ಚು. ಸೀರೆ ಉಟ್ಟೋಳು ನಿನ್ನ ಬಯ್ಯಾಕಿಲ್ಲ, ನನ್ನ ಬಯ್ತಳೆ."

ಸಂಜೆವರೆಗೂ ಬಿಚ್ಚಿದೆ. ಅವಳೂ ಪಕ್ಕದಲ್ಲಿ ಕೂತು, ಬೈಯುತ್ತಲೇ ಬಿಚ್ಚಿದಳು.

ಮೊನ್ನೆ ನನ್ನ ಮಗಳ ಮಗಳು ಶಾಲೆಯ ಪುಸ್ತಕ ಹಿಡಿದು ಬಂದು, "ದೈವೀಕರಿಸು ಅಂದ್ರೆ ಏನಜ್ಜಿ, ವಾಕ್ಯ ಮಾಡ್ಬೇಕು" ಅಂದಳು. ನನಗೆ ಬರುವುದು ನಾಲ್ಕು ಅಕ್ಷರ. ಆ ಪದ ಕೇಳಿಯೇ ಇರಲಿಲ್ಲ. ಮನುಷ್ಯರನ್ನ ದೇವರು ಅಂತ ಮಾಡೋದು ಅಂತೆ ಅಂತ ಅವಳೇ ಹೇಳಿದಳು. ಪದ ಗೊತ್ತಿಲ್ಲದಿದ್ದರೂ ಆ ಕೆಲಸ ಮಾಡಿದವಳು ನಾನು. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಎಂಬತ್ತೈದೋ ಎಂಬತ್ತಾರೋ ಇರಬೇಕು. ನನ್ನ ಮಗ ಮಾದೇಶನಿಗೆ ಮೂರು ವರ್ಷ. ಮೈಯೆಲ್ಲ ಕೆಂಪು ಗುಳ್ಳೆ ಎದ್ದು ಜ್ವರ ಬಂತು. ನಮ್ಮಲ್ಲಿ ಅದನ್ನು ಕಾಯಿಲೆ ಅನ್ನುವುದಿಲ್ಲ, ಮನೆಗೆ ಅಮ್ಮ ಬಂದವಳೆ ಅನ್ನುತ್ತೇವೆ. ಅಮ್ಮ ಬಂದ ಕೂಸಿಗೆ ಸೂಜಿ ಚುಚ್ಚಿಸಬಾರದು, ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಕಾಯಬೇಕು. ನನ್ನ ಅತ್ತೆ ಇದರಲ್ಲಿ ಬಹಳ ಕಟ್ಟುನಿಟ್ಟು. "ಆಸ್ಪತ್ರೆ ಮೆಟ್ಲು ಅತ್ತಿದ್ರೆ ಈ ಮನೆ ಮೆಟ್ಲು ಅತ್ತಬ್ಯಾಡ" ಅಂದಿದ್ದಳು. ನಾಲ್ಕನೇ ದಿನ ಕೂಸಿನ ಪಕ್ಕೆ ಒಳಕ್ಕೆ ಸೆಳೆಯತೊಡಗಿತು. ಅತ್ತೆ ಹೊಲಕ್ಕೆ ಹೋದ ಸಮಯ ನೋಡಿ, ಸೆರಗಿನಲ್ಲಿ ಮುಚ್ಚಿಕೊಂಡು ಕೊಳ್ಳೇಗಾಲಕ್ಕೆ ಓಡಿದೆ. ಡಾಕ್ಟರು ತೊಡೆಗೆ ಸೂಜಿ ಹಾಕಿ, ಗುಳಿಗೆ ಕೊಟ್ಟರು.

ವಾಪಸು ಬರುವಾಗ ಮಗ್ಗದ ಮನೆಯ ಬಾಗಿಲಲ್ಲಿ ದುಂಡಮ್ಮ ನಿಂತಿದ್ದಳು. "ಯಾಕೆ ಕೂಸು ಇಂಗದೆ?" ಅಂತ ಹಣೆ ಮುಟ್ಟಿ ನೋಡಿದಳು. ಎರಡು ಬೆರಳಿನ ಬೂದಿ ಹಣೆಗೆ ಅಂಟಿಕೊಂಡಿತು.

ಮನೆಗೆ ಬಂದರೆ ಅತ್ತೆ ಜಗಲಿಯ ಮೇಲೆ ಕೂತಿದ್ದಾಳೆ. "ಎಲ್ಲಿಗೋಗಿದ್ದೆ?" ಅಂದಳು. ಕೂಸಿನ ಹಣೆ ಕಾಣಿಸಿತು.

"ದುಂಡಕ್ಕನ ತವ. ಬೂದಿ ಇಡುಸ್ಕಂಡು ಬಂದಿ. ಅವಳ ಮೈಮೇಲೆ ಅಮ್ಮನೇ ಬಂದಂಗಾಯ್ತು ಕಣತ್ತೆ."

ಸೂಜಿಯ ಗಾಯಕ್ಕೆ ಅರಿಶಿನ ಮೆತ್ತಿದೆ. ಅತ್ತೆ ಹಿತ್ತಲಿಗೆ ಹೋದಾಗಲೆಲ್ಲ ಗುಳಿಗೆಯನ್ನು ಬೆಲ್ಲದ ನೀರಲ್ಲಿ ಕಲಸಿ ಕುಡಿಸಿದೆ. ಮೂರು ದಿನಕ್ಕೆ ಮಗ ಎದ್ದು ಕೂತು ಅನ್ನ ಕೇಳಿದ. ಅತ್ತೆ ಕಾಯಿ ಬಾಳೆಹಣ್ಣು ಹಿಡಿದು ದುಂಡಮ್ಮನ ಮನೆಗೆ ಹೋಗಿ ಅಡ್ಡಬಿದ್ದಳು. ಆಮೇಲೆ ಬೀದಿಗೆಲ್ಲ ಹೇಳಿದಳು. ಅತ್ತೆಯ ಬಾಯಿ ದೊಡ್ಡದು.

ಮೊದಮೊದಲು ದುಂಡಮ್ಮ ನಕ್ಕಳು. "ನನ್ನ ಕೈಲಿ ದೇವ್ರಿದ್ರೆ ನನ್ನ ಮಂಡಿ ನೋವ್ಯಾಕೆ ಓಯ್ತಿಲ್ಲ?" ಅನ್ನುತ್ತಿದ್ದಳು. ಜನ ನಗಲಿಲ್ಲ. ಸುತ್ತಲ ಊರಿನಿಂದ ಕೂಸುಗಳನ್ನು ಎತ್ತಿಕೊಂಡು ಬರತೊಡಗಿದರು. ಅವಳು ಬೈದರೆ ಅದನ್ನೂ ಅಪ್ಪಣೆ ಅಂದುಕೊಂಡು ತಲೆ ತಗ್ಗಿಸುತ್ತಿದ್ದರು. ಮಗ್ಗದ ಯಜಮಾನರು, ದೇವರ ಕೈಲಿ ಕೂಲಿ ಮಾಡಿಸಿದರೆ ನಮಗೆ ಒಳ್ಳೆಯದಾಗುವುದಿಲ್ಲ ಅಂತ ಅವಳನ್ನು ಹಾಸಿನ ಹತ್ತಿರ ಕೂರಲು ಬಿಡಲಿಲ್ಲ. ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿಸಿದರು. ಜೊತೆಗೆ ಕೂತು ಹರಟುತ್ತಿದ್ದ ಹೆಂಗಸರು ಅವಳೆದುರು ನಿಂತುಕೊಂಡೇ ಮಾತಾಡತೊಡಗಿದರು. ಕಾಯಿ, ಹೂವು, ರವಿಕೆ ಕಣ ಎಲ್ಲ ತಂದುಕೊಡುವರು. ಕಡ್ಡಿಪುಡಿ ಕೇಳಿದರೆ ಮಾತ್ರ ಯಾರೂ ಕೊಡರು. ದೇವರು ಕಡ್ಡಿಪುಡಿ ಹಾಕುತ್ತದಾ?

ನಾನು ಮರೆಯಲ್ಲಿ ಒಂದು ಪೊಟ್ಟಣ ಕೊಡುತ್ತಿದ್ದೆ. ನನ್ನಿಂದಾದದ್ದು ಅಷ್ಟೇ.

ಒಂದು ದಿನ ಕೈಪಂಪಿನ ಹತ್ತಿರ ನಾನು ಬಟ್ಟೆ ಒಗೆಯುತ್ತಿದ್ದಾಗ ಬಂದಳು. ಅವಳನ್ನು ನೋಡಿದ್ದೇ ಉಳಿದ ಹೆಂಗಸರು ಬಿಂದಿಗೆ ಬಿಟ್ಟು ದೂರ ಸರಿದು ನಿಂತರು. ಅವಳು ನನ್ನ ಪಕ್ಕದ ಕಲ್ಲ ಮೇಲೆ ಕೂತು ಮೆಲ್ಲಗೆ ಅಂದಳು:

"ರಾಚಿ, ನಿನ್ನ ಕೂಸಿನ ತೊಡೇಲಿ ಸೂಜಿ ಗಾಯ ನೋಡಿವ್ನಿ. ಅವತ್ತೇ ನೋಡಿವ್ನಿ."

ನಾನು ಬಟ್ಟೆ ಹಿಂಡುತ್ತಲೇ ಇದ್ದೆ.

"ನನ್ನ ಮಾತ ಯಾರೂ ಕೇಳಾಕಿಲ್ಲ ಕಣೆ. ನಾನು ದೇವ್ರಲ್ಲ ಅಂದ್ರೆ, ನಿಜವಾದ ದೇವ್ರು ಅಂಗೇ ಅನ್ನದು ಅಂತರೆ. ನಿನ್ನ ಮಾತ ಕೇಳ್ತರೆ. ಆಸ್ಪತ್ರೆ ಸೂಜೀಲಿ ವಾಸಿ ಆಯ್ತು ಅಂತ ಒಂದ್ ಮಾತು ಏಳ್ಬುಡು. ನನ್ನ ಕೆಳಕ್ಕಿಳ್ಸು."

"ಅತ್ತೆ ಮನೆ ಬುಟ್ಟು ಓಡುಸ್ತಳೆ ಕಣಕ್ಕ. ಅವ್ಳು ಓಗ್ಲಿ, ಆಮೇಕೆ ಏಳ್ತೀನಿ."

"ನಿಮ್ಮತ್ತೆ ಗಟ್ಟಿಗಿತ್ತಿ, ನನ್ನ ಕಳುಸ್ಬುಟ್ಟೇ ಓಯ್ತಳೆ" ಅಂತ ನಕ್ಕಳು. ನಂಬಿದಳು ಅಂತ ಕಾಣುತ್ತದೆ. ಮೊದಲಿನ ಹಾಗೆ ತಲೆಗೊಂದು ಮೊಟಕಿ ಎದ್ದು ಹೋದಳು.

ಎರಡು ವರ್ಷಕ್ಕೆ ಅತ್ತೆ ತೀರಿಕೊಂಡಳು. ನಾನು ಹೇಳಲಿಲ್ಲ. ಈಗ ಹೆದರಿಕೆ ಅನ್ನುವ ನೆಪವೂ ಇರಲಿಲ್ಲ. ಇದ್ದ ಮಾತು ಹೇಳಿಬಿಡುತ್ತೇನೆ. ಮೊದಲ ಕೂಸಿನ ತಾಯಿ ಅಂತ ನನಗೂ ಒಂದು ಮರ್ಯಾದೆ ಬಂದಿತ್ತು. ಬಂದವರು ಮೊದಲು ನನ್ನನ್ನು ಕೇಳುವರು, ನಾನು ಕತೆ ಹೇಳುವೆ. ಹೇಳುತ್ತ ಹೇಳುತ್ತ ಕತೆ ಬೆಳೆಯಿತು. ನಮ್ಮ ಬೀದಿಯಲ್ಲಿ ನನ್ನ ಮಾತು ನಿಂತು ಕೇಳಿಸಿಕೊಂಡವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಆಮೇಲೆ ಪಕ್ಕದ ಊರಿನವಳೊಬ್ಬಳು ವರ್ಷದ ಕೂಸನ್ನು ದುಂಡಮ್ಮನ ಮನೆಯ ಅಂಗಳಕ್ಕೆ ತಂದಳು. ಅದೇ ಗುಳ್ಳೆ, ಅದೇ ಜ್ವರ, ಹಾಗೇ ಪಕ್ಕೆ ಸೆಳೆತ. ದುಂಡಮ್ಮ ನೋಡಿದವಳೇ ಕೂಗಿಕೊಂಡಳು. "ಆಸ್ಪತ್ರೆಗೆ ತಕಂಡೋಗವ್ವ, ನಿನ್ನ ಕಾಲಿಗೆ ಬೀಳ್ತೀನಿ." ಆ ತಾಯಿ ಹೆದರಿ, ದೇವರು ನನ್ನ ಕಾಲಿಗೆ ಬೀಳಬಾರದು ಅಂತ ಕಾಲು ಹಿಂದಕ್ಕೆ ಎಳೆದುಕೊಂಡಳು. ಅಮ್ಮ ಪರೀಕ್ಷೆ ಮಾಡ್ತಾವಳೆ, ಗಟ್ಟಿಯಾಗಿ ಹಿಡ್ಕೊ ಅಂತ ಜನ ಹೇಳಿದರು. ಎರಡು ದಿನ ಆ ತಾಯಿ ಅಂಗಳ ಬಿಟ್ಟು ಏಳಲಿಲ್ಲ. ನಾನೂ ಅದೇ ಅಂಗಳದಲ್ಲಿದ್ದೆ. ದುಂಡಮ್ಮ ಎಲ್ಲರನ್ನೂ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೆಳಗೆ ನೋಡಿಕೊಂಡು ಬೇವಿನ ಸೊಪ್ಪು ಬಿಡಿಸುತ್ತಿದ್ದೆ.

ಕೂಸು ಉಳಿಯಲಿಲ್ಲ. ಯಾರೂ ದುಂಡಮ್ಮನನ್ನು ಬೈಯಲಿಲ್ಲ. ಅಮ್ಮನಿಗೆ ಬೇಕಾಗಿತ್ತು, ಕರಕಂಡಳು ಅಂದರು. ಆ ತಾಯಿ ಹೋಗುವ ಮುಂಚೆ ದುಂಡಮ್ಮನ ಪಾದ ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಮಾರನೇ ಬೆಳಿಗ್ಗೆ ದುಂಡಮ್ಮನ ಮನೆ ಬಾಗಿಲು ತೆರೆದಿತ್ತು, ಒಳಗೆ ಅವಳಿರಲಿಲ್ಲ. ಹನೂರಿನ ಬಸ್ಸು ಹತ್ತಿದಳು ಅಂತ ಒಬ್ಬರು, ಬೆಟ್ಟದಲ್ಲಿ ಐಕ್ಯವಾದಳು ಅಂತ ಇನ್ನೊಬ್ಬರು ಅಂದರು.

ಹತ್ತು ವರ್ಷದ ಮೇಲೆ ಅವಳನ್ನು ಯಳಂದೂರಿನ ಬಸ್‌ ಸ್ಟ್ಯಾಂಡಿನಲ್ಲಿ ನೋಡಿದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಲು ಬಸ್ಸು ಕಾಯುತ್ತಿದ್ದೆ. ಒಬ್ಬಳು ಬುಟ್ಟಿ ಇಟ್ಟುಕೊಂಡು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಕಂಡಕ್ಟರೊಬ್ಬ "ಏಯ್ ಮುದ್ಕಿ, ದಾರೀಲಿ ಬುಟ್ಟಿ ಮಡಗಿದ್ದೀಯಲ್ಲ, ನಿಂಗೇನು ಕಣ್ಣಿಲ್ವಾ" ಅಂದ. "ನಿಂಗೈತಲ್ಲ, ನೋಡ್ಕಂಡು ಓಗ್ಲಾ" ಅಂದಳು. ಆ ದನಿಗೆ ನಾನು ತಿರುಗಿದೆ.

ಬೆರಳು ತೊಳೆದಂತೆ ಬೆಳ್ಳಗಿದ್ದವು. ಕೆನ್ನೆಯಲ್ಲಿ ಕಡ್ಡಿಪುಡಿ.

"ರಾಚಿಯೇನೆ? ಕೂತ್ಕೊ. ಇಲ್ಲಿ ನಾನು ಬರೀ ದುಂಡಿ. ದಿನಾ ಯಾರಾದ್ರೂ ಬಯ್ತರೆ, ಚೆನ್ನಾಗದೆ."

ಕೂತೆ. ಬುಟ್ಟಿ ಪಕ್ಕಕ್ಕೆ ಸರಿಸುತ್ತ ಕೇಳಿದಳು. "ಆ ಕೂಸಿನ ತಾಯಿಗೆ ಏಳ್ದಾ?"

"ಇಲ್ಲ ಕಣಕ್ಕ."

"ಬಿಚ್ಚಬೇಕು ರಾಚಿ. ಅಲ್ಲಿಗಂಟ ಬಿಚ್ಚಬೇಕು. ನಿಂಗೇನು ನಾನು ಏಳ್ಕೊಟ್ಟಿರನಿಲ್ವಾ?"

ಅವಳು ಒಂದು ಬೊಗಸೆ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿದಳು. ನಾನು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡೆ. ಬೇಕು ಅಂತ ಮಾಡಿದ್ದಲ್ಲ. ಅಷ್ಟು ವರ್ಷ ಅವಳ ಕೈಯಿಂದ ಏನು ಇಸಕೊಂಡರೂ ಹಾಗೇ ಮಾಡಿ ಕೈಗೆ ರೂಢಿಯಾಗಿತ್ತು. ಸುಳ್ಳು ಹುಟ್ಟಿಸಿದವಳು ನಾನು, ನನ್ನ ಕೈಯೇ ಅದನ್ನು ನಂಬಿಬಿಟ್ಟಿತ್ತು.

ಅವಳ ಮುಖ ನೋಡಬಾರದಿತ್ತು, ನೋಡಿದೆ.

"ಕಡ್ಲೆಕಾಯಿ ಕಣೆ ಅದು" ಅಂದಳು. "ತಿನ್ನು."

ಬಸ್ಸು ಬಂತು. ಹತ್ತಿದೆ. ಮತ್ತೆ ಅವಳನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ಬಂದದ್ದು ಹೋದ ವರ್ಷ, ಮಣ್ಣು ಮಾಡಿದ ತಿಂಗಳ ಮೇಲೆ.

ಸುದ್ದಿ ಬಂದ ಮೇಲೆ ನನ್ನ ಮಗ ಮಾದೇಶನೇ ಮುಂದೆ ನಿಂತು, ಅವಳ ಮನೆಯಿದ್ದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾನೆ. ಅವಳಿಂದ ಬದುಕಿದವನು ಅಂತ ಅವನಿಗೇ ಪೂಜೆಯ ಹಕ್ಕು. ಸೋಮವಾರ ಜನ ಸೇರುತ್ತಾರೆ. ಕೂಸುಗಳನ್ನೂ ತರುತ್ತಾರೆ.

ಹೋದ ಸೋಮವಾರ ಆ ಕಲ್ಲಿನ ಮುಂದೆಯೇ ಅವನಿಗೆ ಎಲ್ಲ ಹೇಳಿದೆ. ಆಸ್ಪತ್ರೆ, ಸೂಜಿ, ಬೆಲ್ಲದ ನೀರು, ಆ ಕೂಸು. ಹತ್ತಾರು ಜನ ಕೇಳಿಸಿಕೊಂಡರು. ಮಗ ಕೋಪ ಮಾಡಲಿಲ್ಲ. "ವಯಸ್ಸಾಯ್ತಲ್ಲವ್ವ, ಏನೇನೋ ನೆಪ್ಪಾಯ್ತದೆ" ಅಂದ. "ದೇವ್ರ ಇಸ್ಯ, ಅಂಗೆಲ್ಲ ಮಾತಾಡಬ್ಯಾಡ. ತಪ್ಪಾಯ್ತು ಅಂತ ಅನ್ನು, ಅಮ್ಮ ಮನ್ನುಸ್ತಳೆ." ತಟ್ಟೆಯಿಂದ ಚಿಟಿಕೆ ಬೂದಿ ತೆಗೆದು ನನ್ನ ಹಣೆಗಿಟ್ಟ.

ತಪ್ಪಾಯ್ತು ಅಂದೆ. ಸುತ್ತ ಇದ್ದವರು ಕೈಮುಗಿದರು.

ಹಣೆ ಮುಟ್ಟಿ ನೋಡಿಕೊಂಡೆ. ಅಂಗಡಿಯ ವಿಭೂತಿ, ನುಣ್ಣಗಿತ್ತು. ಒಲೆಯ ಬೂದಿ ತರಿತರಿಯಾಗಿರುತ್ತದೆ, ನನ್ನ ಬೆರಳಿಗೆ ಅದು ಗೊತ್ತು.