ಇಸ್ತ್ರಿ ತೋರಿಸಬಾರದ ಬಟ್ಟೆ

ಆ ವರ್ಷದ ಮಳೆಗಾಲಕ್ಕೆ ಇಸ್ತ್ರಿಯಮ್ಮ ಹೆದರಿದಳು. ಗುಡುಗಿಗಲ್ಲ, ಸಿಡಿಲಿಗಲ್ಲ. ತೇವಕ್ಕೆ.

ತೇವಕ್ಕೆ ಬಾಗಿಲು ಬೇಕಿಲ್ಲ. ಗೋಡೆಯಿಂದ ಬರುತ್ತದೆ, ಕುದಿಯುವ ಪಾತ್ರೆಯಿಂದ ಬರುತ್ತದೆ, ಒಣಗದ ಟವೆಲಿನಿಂದ ಬರುತ್ತದೆ, ಮನುಷ್ಯರ ಉಸಿರಿನಿಂದಲೂ ಬರುತ್ತದೆ. ಅವಳದ್ದು ಒಂದೇ ಕೋಣೆ, ಅದರೊಳಗೇ ಅಡುಗೆಯ ಕಟ್ಟೆ. ಅನ್ನಕ್ಕಿಟ್ಟಾಗ ಕಿಟಕಿಯ ಗಾಜು ಬೆವರುವುದನ್ನು ಕಂಡೊಡನೆ ಓಡಿಹೋಗಿ ಒರೆಸುತ್ತಿದ್ದಳು. ಮಾತಾಡಿಸಲು ಬಂದವರು ಒದ್ದೆ ಕೊಡೆ ಹಿಡಿದು ಹೊಸ್ತಿಲು ದಾಟಿದರೆ, ಕೊಡೆ ಹೊರಗೇ ಇರಲಿ ಎನ್ನುತ್ತಿದ್ದಳು. ಗಂಡ ಹೋದ ಮೇಲೆ ತಲೆ ನೆಟ್ಟಗಿಲ್ಲ ಪಾಪ, ಎಂದು ಅವರು ಮೆಟ್ಟಿಲಿಳಿಯುವಾಗ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು.

ತಲೆ ನೆಟ್ಟಗೇ ಇತ್ತು. ಕಪಾಟಿನ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಒಂದು ಬಿಳಿ ಮ್ಯಾಟಿ ಬಟ್ಟೆ, ಕಸೂತಿಗೆಂದೇ ಚೌಕ ಚೌಕವಾಗಿ ನೇಯ್ದದ್ದು. ಬಟ್ಟೆಯ ಮೇಲೆ ವರ್ಣಮಾಲೆ. ಅ ಯಿಂದ ಮ ವರೆಗೆ ಕೆಂಪು ದಾರದಲ್ಲಿ ಅವಳು ಹಾಕಿದ ಕ್ರಾಸ್ ಸ್ಟಿಚ್. ಯ ಯಿಂದ ಳ ವರೆಗೆ ಬರೀ ನೀಲಿ ಗೆರೆ. ಆ ಗೆರೆ ಗಂಡನ ಕೈಯದು. ಅವನು ಚಳಿಗಾಲದಲ್ಲಿ ತೀರಿಕೊಂಡಿದ್ದ. ಈಗ ಗೆರೆಯೂ ಹೋಗುತ್ತಿತ್ತು.

ಅವಳು ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮದುವೆಗೆ ಮುಂಚೆಯೇ ಸೇರಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಓದುವುದಕ್ಕೆ ಅಕ್ಷರಕ್ಕಿಂತ ಕಲೆ ಸುಲಭ. ಹಾಸಿಗೆಯ ಹೊದಿಕೆ ನೋಡಿ ಇದು ರಕ್ತ, ಇದು ಔಷಧಿ, ಇದು ಯಾರೋ ಕದ್ದು ತಿಂದ ಹಣ್ಣಿನ ರಸ ಎಂದು ಹೇಳಿಬಿಡುತ್ತಿದ್ದಳು. ಗಂಡ ಬೋರ್ಡು ಬರೆಯುವವನು. ಆಸ್ಪತ್ರೆಯ ಬಾಗಿಲುಗಳಿಗೆಲ್ಲ ಅವನೇ ಬರೆದದ್ದು. ಲಾಂಡ್ರಿಯ ಬಾಗಿಲಿಗೆ ‘ಒದ್ದೆ ಬಟ್ಟೆ ಇಲ್ಲಿ’ ಎಂದು ಬರೆಯಲು ಬಂದವನು ಆ ಮೂರು ಪದಕ್ಕೆ ಇಡೀ ವಾರ ತೆಗೆದುಕೊಂಡ. ಬಣ್ಣ ಒಣಗುತ್ತಿಲ್ಲ ಎಂದು ನೆಪ ಹೇಳಿದ. ಮದುವೆಯಾದ ಮೇಲೆ ಅವಳ ಚಿಕ್ಕಮ್ಮ, ಅಕ್ಷರ ಒಣಗಿಲ್ಲ, ಹುಡುಗಿ ಮಾತ್ರ ಬಲೆಗೆ ಬಿದ್ದಳು ಎಂದು ಬಹಳ ಕಾಲ ಆಡಿಕೊಂಡಳು.

ಕ್ರಾಸ್ ಸ್ಟಿಚ್ ಕಲಿಸಿದ್ದು ಅದೇ ಚಿಕ್ಕಮ್ಮ. ಮೊದಲು ಒಂದು ಅಂಚು, ಆಮೇಲೆ ಒಂದು ಹೂವು, ಆಮೇಲೆ ಕೊಕ್ಕು ದಪ್ಪವಾಗಿ ಬಾತುಕೋಳಿಯಾಗಿಹೋದ ಒಂದು ಗಿಳಿ. ಹೀಗೆ ಒಂದೊಂದು ಮಾದರಿ ಬಟ್ಟೆ ತುಂಬಿಸುತ್ತಾ ಕೈ ಕುದುರಿತು. ಲಡಿಯಿಂದ ದಾರ ತೆಗೆದು ಎಳೆ ಬಿಡಿಸುವುದು, ಎರಡೆಳೆ ಪೋಣಿಸುವುದು, ಸಾಲು ಮುಗಿಯುವವರೆಗೆ ಓರೆ ಗೆರೆ ಹಾಕುತ್ತಾ ಹೋಗಿ, ಬರುವಾಗ ಅದರ ಮೇಲೆ ಎದುರು ಓರೆ ಹಾಕುತ್ತಾ ಬರುವುದು. ಮೇಲಿನ ಎಳೆ ಎಲ್ಲಾ ಒಂದೇ ಕಡೆ ವಾಲಬೇಕು. ಒಂದು ಅಡ್ಡಾದಿಡ್ಡಿ ಬಿದ್ದರೂ ಬೆಳಕು ಬಿದ್ದಾಗ ಹಲ್ಲು ಕಿರಿಯುತ್ತದೆ. ದಿನವಿಡೀ ಹಬೆಯಲ್ಲಿ ಬೆಂದು ಬಂದವಳಿಗೆ ಆ ಹೋಗುವುದು ಬರುವುದೇ ಸುಖ. ಬಟ್ಟೆಯ ತೂತಿನಲ್ಲಿ ಸೂಜಿ ಇಳಿಯುವಾಗ ಪುಸ್ ಎನ್ನುವ ಸಣ್ಣ ಸದ್ದು ಕೇಳಿದರೆ ಸಾಕು, ಕಾಲುನೋವು ಮರೆತುಹೋಗುತ್ತಿತ್ತು.

ವರ್ಣಮಾಲೆ ಹೊಲಿಯೋಣ ಎಂದದ್ದು ಗಂಡ. ಬೋರ್ಡಿನ ಕೆಲಸ ಅಷ್ಟರಲ್ಲಿ ಕಡಿಮೆಯಾಗಿತ್ತು. ಎಲ್ಲರೂ ಯಂತ್ರದಲ್ಲಿ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಹಾಳೆ ತಂದು ಮೊಳೆ ಹೊಡೆಯುತ್ತಿದ್ದರು. ದಾರದಂಗಡಿಯಿಂದ ತಾನೇ ಒಂದು ನೀಲಿ ಪೆನ್ನು ತಂದ. ಹೊಲಿದ ಮೇಲೆ ಗೆರೆ ಕಾಣದ ಹಾಗೆ ಹೋಗುವ ಪೆನ್ನು. ಹಗಲು ಅವಳು ಕೆಲಸಕ್ಕೆ ಹೋದಾಗ ಅವನು ಬಟ್ಟೆಯ ಮೇಲೆ ಅಕ್ಷರ ಬರೆದಿಡುತ್ತಿದ್ದ. ಸಂಜೆ ಅವಳು ಅದರ ಮೇಲೆ ಹೊಲಿಯುತ್ತಿದ್ದಳು. ಜಗಳ ಶುರುವಾಗುತ್ತಿದ್ದದ್ದು ಅಲ್ಲೇ. ಅವನ ಅಕ್ಷರ ದುಂಡು, ಅವಳ ಹೊಲಿಗೆ ಚೌಕ. ಅವನ ಗೆರೆ ಒಂದು ಚೌಕದ ಹೊಟ್ಟೆ ಸೀಳಿಕೊಂಡು ಹೋದರೆ ಆ ಚೌಕ ತುಂಬಬೇಕೋ ಬಿಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

“ಇದೇನೇ, ನನ್ನ ಠ ನಿನ್ನ ಕೈಗೆ ಸಿಕ್ಕಿ ಇಟ್ಟಿಗೆ ಗೂಡಾಗಿದೆ” ಎನ್ನುತ್ತಿದ್ದ.

“ಇಟ್ಟಿಗೆ ಗೂಡೇ ಗಟ್ಟಿ. ನಿಮ್ಮದು ಉರುಳಿಹೋಗುತ್ತೆ” ಎನ್ನುತ್ತಿದ್ದಳು.

ಮ ಮುಗಿಯುವಾಗ ಅವನು ಹಾಸಿಗೆ ಹಿಡಿದಿದ್ದ. ಹಿಡಿಯುವ ಮುಂಚೆ ಉಳಿದದ್ದೆಲ್ಲ ಒಂದೇ ಸಲ ಬರೆದಿಟ್ಟಿದ್ದ. ಅವನು ಹೋದ ಮೇಲೆ ಅವಳು ಸೂಜಿ ಮುಟ್ಟಲಿಲ್ಲ. ಮುಟ್ಟಿದರೆ ಗೆರೆ ಮುಚ್ಚಿಹೋಗುತ್ತದೆ. ಊರೆಲ್ಲ ಅಕ್ಷರ ಬರೆದವನ ಒಂದಕ್ಷರವೂ ಈಗ ಎಲ್ಲೂ ಇರಲಿಲ್ಲ. ಅವಳು ಹುಡುಕಿ ನೋಡಿದ್ದಳು. ಆಸ್ಪತ್ರೆಯ ‘ಸದ್ದು ಮಾಡಬೇಡಿ’ ಒಂದು ಬಹಳ ದಿನ ಉಳಿದಿತ್ತು. ಅದನ್ನೂ ಕೆರೆದು ಪ್ಲಾಸ್ಟಿಕ್ ಅಂಟಿಸಿದ್ದರು.

ಮಳೆ ಹಿಡಿದ ಮೇಲೆ ಒಂದು ದಿನ ಪೆಟ್ಟಿಗೆ ತೆಗೆದವಳು ನಿಂತಲ್ಲೇ ಕೂತಳು. ಕೊನೆಯ ಳ ಅರ್ಧ ಇರಲಿಲ್ಲ. ಹ ಬಾಲ ಕಳೆದುಕೊಂಡಿತ್ತು. ಬೇರೆ ಅಕ್ಷರಗಳೂ ಹಾಲಿಗೆ ನೀರು ಹಾಕಿದ ಹಾಗೆ ತೆಳ್ಳಗಾಗಿದ್ದವು. ಅವತ್ತಿನಿಂದ ನಿದ್ದೆ ಹೋಯಿತು. ಬಟ್ಟೆ ನೋಡಬೇಕೆಂದರೆ ಪೆಟ್ಟಿಗೆ ತೆಗೆಯಬೇಕು, ತೆಗೆದರೆ ತೇವದ ಗಾಳಿ ಒಳಗೆ ಹೋಗುತ್ತದೆ. ತೆಗೆಯದಿದ್ದರೆ ಒಳಗೆ ಏನಾಗುತ್ತಿದೆಯೋ ಗೊತ್ತಾಗುವುದಿಲ್ಲ. ಕಾಯಿಲೆಯವರ ಮಂಚದ ಪಕ್ಕ ಕೂತು ಉಸಿರು ಇದೆಯೋ ಇಲ್ಲವೋ ಎಂದು ಮೂಗಿಗೆ ಬೆರಳು ಹಿಡಿದ ಹಾಗೆ. ಆ ಕೆಲಸ ಅವಳು ಒಮ್ಮೆ ಮಾಡಿ ಮುಗಿಸಿದ್ದಳು. ಇನ್ನೊಮ್ಮೆ ಮಾಡುವ ಶಕ್ತಿ ಇರಲಿಲ್ಲ.

ಪಕ್ಕದ ಬೀದಿಯಲ್ಲಿದ್ದ ಮಗಳು ಬಂದಾಗ ಹೇಳಿಕೊಂಡಳು. ಮಗಳು ಗಾಬರಿಯಾಗಲಿಲ್ಲ. ಫೋನಿನಲ್ಲಿ ಫೋಟೋ ತೆಗೆದಿದ್ದೀನಲ್ಲ ಎಂದಳು. ಇಸ್ತ್ರಿಯಮ್ಮ ಆ ಫೋಟೋ ನೋಡಿದಳು, ಬೆರಳು ಇಟ್ಟಳು. ಬೆರಳಿಗೆ ಗಾಜು ಸಿಕ್ಕಿತು. ಮೇಲೆ ಪೆನ್ಸಿಲಿನಿಂದ ತಿದ್ದಿಬಿಡು ಎಂದಳು ಮಗಳು. ತಿದ್ದಿದರೆ ಅದು ನನ್ನ ಗೆರೆ ಆಗುತ್ತದೆ ಎಂದಳು ತಾಯಿ. ಹಾಗಾದರೆ ಬೇಗ ಹೊಲಿದುಬಿಡು ಎಂದಳು. ತಾಯಿ ಪೆಟ್ಟಿಗೆಯ ಮುಚ್ಚಳ ಒತ್ತಿ ಮುಚ್ಚಿದಳು.

ದಾರದಂಗಡಿಗೆ ಹೋದಳು. ಅಂಗಡಿಯವಳು ಗುರುತಿನವಳು. ಪೆನ್ನು ಯಾವುದಿತ್ತು ಎಂದು ಕೇಳಿದಳು. ಪೆನ್ನು ಮನೆಯಲ್ಲಿ ಸಿಕ್ಕಿರಲಿಲ್ಲ.

“ನೀರಿಗೆ ಹೋಗೋದೂ ಇದೆ, ಬಿಸಿಗೆ ಹೋಗೋದೂ ಇದೆ. ಎರಡೂ ನೀಲಿನೇ. ಯಾವ್ದು ಅಂತ ಹೇಗೆ ಹೇಳ್ಲಮ್ಮಾ?”

“ತೇವಕ್ಕೆ ಮಾಸ್ತಾ ಇದೆ.”

“ಹಾಗಾದ್ರೆ ನೀರಿಂದೇ ಇರ್ಬಹುದು. ಆದ್ರೆ ಬಿಸಿದೂ ಹಳೇದಾದ್ರೆ ಮಾಸುತ್ತೆ. ಖಾತ್ರಿ ಕೊಡಲ್ಲ ನಾನು.” ಆಮೇಲೆ ಕೈಯಲ್ಲಿದ್ದ ಲಡಿ ಕೆಳಗಿಟ್ಟು ಹೇಳಿದಳು: “ಒಂದು ಮಾತ್ರ ನೆನಪಿಟ್ಕೊಳ್ಳಿ. ನೀರಿನ ಪೆನ್ನಾಗಿದ್ರೆ ತೊಳೆಯೋ ಮುಂಚೆ ಇಸ್ತ್ರಿ ತೋರಿಸ್ಬೇಡಿ. ಕಂದು ಬಣ್ಣಕ್ಕೆ ತಿರುಗಿ ಕೂತುಬಿಡುತ್ತೆ. ಜಪ್ಪಯ್ಯ ಅಂದ್ರೂ ಹೋಗಲ್ಲ. ಮೊನ್ನೆ ಒಬ್ಬಳು ಮೇಜಿನ ಹಾಸು ಹಾಳುಮಾಡ್ಕೊಂಡು ಬಂದು ಇಲ್ಲೇ ಅತ್ತಳು.”

ಕಸೂತಿ ಮಾಡುವವರೆಲ್ಲ ಹೆದರುವ ಮಾತು ಅದು. ಇಸ್ತ್ರಿಯಮ್ಮ ಕೌಂಟರಿನ ಅಂಚು ಹಿಡಿದುಕೊಂಡು ಕೇಳಿದಳು.

“ಹೋಗೋದೇ ಇಲ್ವಾ?”

“ಇಲ್ಲ ಅಂದ್ನಲ್ಲಮ್ಮಾ.”

ಬಿಸಿಯ ಪೆನ್ನಾಗಿದ್ದರೆ ಏನಾಗುತ್ತದೆ ಎಂದೂ ಕೇಳಿದಳು. ಇಸ್ತ್ರಿ ಮುಟ್ಟಿದ ಕೂಡಲೇ ಮಾಯ, ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ ಎಂದು ಉತ್ತರ ಬಂತು. ಒಂದು ತೊಟ್ಟು ನೀರು ಹಾಕಿ ಪರೀಕ್ಷೆ ಮಾಡಿ ಎಂದೂ ಅಂಗಡಿಯವಳು ಹೇಳಿಕೊಟ್ಟಳು. ಇಸ್ತ್ರಿಯಮ್ಮನಿಗೆ ಅದು ಆಗದ ಮಾತು. ಮ್ಯಾಟಿ ಬಟ್ಟೆ ನೀರು ಕುಡಿಯುತ್ತದೆ. ಒಂದು ಕಡೆ ಹಾಕಿದ ತೊಟ್ಟು ಎಲ್ಲಿಯವರೆಗೆ ಹರಿದು ಎಷ್ಟು ಅಕ್ಷರ ನುಂಗುತ್ತದೋ ಯಾರು ಕಂಡರು. ಇಸ್ತ್ರಿ ಹಾಗಲ್ಲ. ಅದರ ಮೂತಿ ಎಲ್ಲಿ ಇಟ್ಟರೆ ಅಲ್ಲಿ ನಿಲ್ಲುತ್ತದೆ. ಒಂದು ಅಕ್ಷರ ಪಣಕ್ಕಿಟ್ಟರೆ ಹೋದರೂ ಒಂದೇ ಹೋಗುತ್ತದೆ, ನೀರಿನ ಪೆನ್ನಾಗಿದ್ದರೆ ಕಂದಾಗಿ ಉಳಿದೇಬಿಡುತ್ತದೆ.

ಯಾವುದನ್ನು ಇಡುವುದು? ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಹೊದಿಕೆ ಮಡಿಸುವಾಗ ಅದೇ ಯೋಚನೆ. ಯ ಬೇಡ, ಬಾಗು ಚೆನ್ನಾಗಿದೆ. ರ ಬೇಡ, ತುಂಬು ಚಂದ್ರ ಇದ್ದ ಹಾಗಿದೆ. ಕೊನೆಗೆ ಷ ಎಂದು ತೀರ್ಮಾನಿಸಿದಳು. ಅವಳ ಬಾಯಲ್ಲಿ ಶ, ಷ ಎರಡೂ ಒಂದೇ. ಶಾಲೆಯಲ್ಲಿ ಅದನ್ನು ಹೊಟ್ಟೆ ಸೀಳಿದ ಷ ಎನ್ನುತ್ತಿದ್ದರು. ಹೇಗೂ ಹೊಟ್ಟೆ ಸೀಳಿಸಿಕೊಂಡದ್ದು, ಅದೇ ಹೋಗಲಿ ಎಂದುಕೊಂಡಳು. ಅಂದುಕೊಂಡ ಮೇಲೆ ಆ ಅಕ್ಷರದ ಮುಖ ನೋಡಲು ಅವಳಿಗೆ ಆಗಲಿಲ್ಲ.

ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಣಗಿಸಿದ ಊಟದ ಡಬ್ಬಿಯೊಳಗಿಟ್ಟು ಲಾಂಡ್ರಿಗೆ ಒಯ್ದಳು. ಅವತ್ತು ಊಟ ಒಯ್ಯಲಿಲ್ಲ. ಬಸ್ಸಿನಲ್ಲಿ ಮಳೆಯ ಇರಚಲು ಕಿಟಕಿಯಿಂದ ಬರುತ್ತಿತ್ತು. ಡಬ್ಬಿಯನ್ನು ಮಗುವಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ನಿಂತೇ ಬಂದಳು. ಮಧ್ಯಾಹ್ನ ಊಟದ ಹೊತ್ತಿಗೆ ಒಗೆಯುವ ಯಂತ್ರಗಳು ನಿಲ್ಲುತ್ತವೆ, ಹಬೆ ಇಳಿಯುತ್ತದೆ. ಆ ಹೊತ್ತಿಗೆ ಕಾದಳು. ಎಲ್ಲರೂ ಹೋದರು. ಬಟ್ಟೆ ಮಡಿಸುವವಳೊಬ್ಬಳು ಹೋಗಲಿಲ್ಲ. ಅವಳು ಹಾಗೇ, ಎಲ್ಲಿ ಏನು ನಡೆದರೂ ಅವಳ ಮೂಗು ಅಲ್ಲಿರಬೇಕು.

ಇಸ್ತ್ರಿಯಮ್ಮ ಮೇಜಿನ ಮೇಲೆ ಒಣ ಹೊದಿಕೆ ಹಾಸಿ, ಮೇಲೆ ಮ್ಯಾಟಿ ಬಟ್ಟೆ ಹರಡಿದಳು. ಇಸ್ತ್ರಿಯನ್ನು ಎತ್ತಿದಳು. ಅದೇ ಪೆಟ್ಟಿಗೆಯನ್ನು ಅಷ್ಟು ವರ್ಷ ತಳ್ಳಿದ ತೋಳು ಈಗ ಅದನ್ನು ಹಿಡಿಯಲಾರದೆ ಹೋಯಿತು. ಎರಡು ಕೈಯಲ್ಲಿ ಹಿಡಿದಳು. ಮೂತಿಯನ್ನು ಷ ಮೇಲೆ ಇಟ್ಟಳು. ತೆಗೆದಳು.

ಅಕ್ಷರ ಇರಲಿಲ್ಲ. ಅಲ್ಲಿ ಬರೀ ಬಿಳಿ.

“ಹೋಯ್ತಲ್ಲಕ್ಕ” ಎಂದಳು ಮಡಿಸುವವಳು.

ಇಸ್ತ್ರಿಯಮ್ಮ ಇಸ್ತ್ರಿ ಬದಿಗಿಟ್ಟು ಆ ಬಿಳಿಯ ಮೇಲೆ ಅಂಗೈ ಇಟ್ಟಳು. ಬಿಸಿಯ ಪೆನ್ನು. ಮುಗಿಯಿತು. ಆದರೆ ಕೈ ಬಟ್ಟೆಯ ಮೇಲೇ ಇತ್ತು, ಬಟ್ಟೆ ಇನ್ನೂ ಸರಿಯಾಗಿ ಕಾದಿರಲಿಲ್ಲ ಎಂದು ಕೈಗೆ ಗೊತ್ತಾಯಿತು. ಹೆದರಿಕೆಯಲ್ಲಿ ಮುಟ್ಟಿಸಿ ತೆಗೆದಿದ್ದಳು. ಒಂದು ದಿಂಬಿನ ಚೀಲದ ನೆರಿಗೆಯೂ ಹೋಗದಷ್ಟು ಬಿಸಿ. ಮತ್ತೆ ಇಟ್ಟಳು. ಈ ಸಲ ಒತ್ತಿದಳು. ಮೈಭಾರ ಪೂರ್ತಿ ಬಿಟ್ಟು ಒತ್ತಿದಳು.

ತೆಗೆದಾಗ ಷ ಬಂದಿತ್ತು. ತೆಳು ಚಹಾದ ಬಣ್ಣ, ನೀರಿನ ಪೆನ್ನೇ. ನೋಡುತ್ತಿದ್ದಂತೆ ಗಟ್ಟಿಯಾಯಿತು, ಹೊಟ್ಟೆ ಸೀಳಿದ ಗೆರೆಯ ಸಮೇತ.

ಆಮೇಲೆ ಅವಳು ನಿಲ್ಲಲಿಲ್ಲ. ಸ, ಹ, ಳ. ತೇವ ತಿಂದುಹಾಕಿತೆಂದುಕೊಂಡಿದ್ದ ಳ ಪೂರ್ತಿಯಾಗಿ ಎದ್ದು ಬಂತು. ಗೆರೆ ಹೋಗಿರಲಿಲ್ಲ, ಕಣ್ಣಿಗೆ ಕಾಣದೆ ಒಳಗೇ ಕೂತಿತ್ತು. ಹಿಂದಕ್ಕೆ ಬಂದಳು. ಶ, ವ, ಲ, ರ, ಯ. ಅಷ್ಟಕ್ಕೆ ಸಾಕಿತ್ತು. ಕೈ ಮಾತ್ರ ಮೇಲಿನ ಸಾಲಿಗೆ ಹೋಯಿತು. ಅವಳ ಕೆಂಪು ಚೌಕಗಳ ಅಂಚಿನಲ್ಲಿ ಅವನ ದುಂಡು ಗೆರೆ ಕಂದಾಗಿ ಹೊರಟಿತು, ಇಟ್ಟಿಗೆಯ ಸುತ್ತ ಬಳ್ಳಿ ಹಬ್ಬಿದ ಹಾಗೆ. ಆ ಬಟ್ಟೆಯನ್ನು ಅವಳು ಒಮ್ಮೆಯೂ ತೊಳೆದಿರಲಿಲ್ಲ. ಇಸ್ತ್ರಿ ಮೇಲೆ ಮೇಲೆ ಹೋಯಿತು.

ತ ಸಾಲಿನಲ್ಲಿ ಕೈ ನಿಂತಿತು.

ತ ಪಕ್ಕದಲ್ಲಿ ಇನ್ನೊಂದು ತ. ಅದರ ಮೇಲೆ ಮತ್ತೊಂದು. ಥ ಸುತ್ತ ಎಣಿಸಲಾಗದಷ್ಟು ಗೆರೆ, ಮಸಿಯಲ್ಲಿ ಕಾಲದ್ದಿದ ಇರುವೆ ಓಡಾಡಿದ ಹಾಗೆ. ಬರೆದು, ಒದ್ದೆ ಹತ್ತಿಯಲ್ಲಿ ಒರೆಸಿ, ಮತ್ತೆ ಬರೆದು, ಮತ್ತೆ ಒರೆಸಿದ್ದು. ಒರೆಸಿದ್ದೆಲ್ಲ ಈಗ ಎದ್ದು ಕೂತಿತ್ತು. ಬೋರ್ಡಿನವನ ಕೈ ಒಂದೇ ಸಲ ಬರೆಯುತ್ತದೆ, ತಿದ್ದುವುದು ಮೇಷ್ಟ್ರ ಕೆಲಸ, ಎಂದು ಜಂಬ ಕೊಚ್ಚುತ್ತಿದ್ದವನು. ಮೇಲಿನ ಸಾಲುಗಳಿಗೂ ಇಸ್ತ್ರಿ ಇಟ್ಟು ನೋಡಿದಳು. ಅ, ಆ ಹತ್ತಿರ ಒಂದೇ ಗೆರೆ, ದಾರ ಎಳೆದ ಹಾಗೆ. ಚ ಸಾಲಿನಿಂದ ಎರಡಾಗಿತ್ತು. ತ ಸಾಲಿಗೆ ಬರುವಷ್ಟರಲ್ಲಿ ಕೈ ಮಾತು ಕೇಳುತ್ತಿರಲಿಲ್ಲ.

ಆ ಸಾಲು ಬರೆದಾಗ ಅವನು ಇನ್ನೂ ಹೊರಗೆ ಓಡಾಡಿಕೊಂಡಿದ್ದ. ಡಾಕ್ಟರ ಹತ್ತಿರ ಹೋಗಿರಲಿಲ್ಲ. ಅವಳು ಕೆಲಸದಿಂದ ಬರುವ ಮುಂಚೆ ಒರೆಸಿ, ಒಣಗಿಸಿ, ಚೊಕ್ಕ ಮಾಡಿಡುತ್ತಿದ್ದ. ಏನು, ಸುಸ್ತಾದ ಹಾಗಿದ್ದೀರಿ ಎಂದು ಅವಳು ಕೇಳಿದರೆ, ಏನಿಲ್ಲ, ನಿನ್ನ ಇಟ್ಟಿಗೆ ಹಾಕು ಎನ್ನುತ್ತಿದ್ದ. ಗೊತ್ತಿತ್ತು ಅವನಿಗೆ. ಅಷ್ಟು ಮುಂಚೆ ಗೊತ್ತಿತ್ತು. ಹಗಲು ಒಬ್ಬನೇ ಆ ಕೋಣೆಯಲ್ಲಿ ಕೂತು, ಹೋಗುತ್ತಿರುವ ಕೈಯನ್ನು ನೋಡುತ್ತಾ ಹೆದರುತ್ತಿದ್ದ. ಕೈ ಮಾತು ಕೇಳಿದ ಯಾವುದೋ ಒಂದು ದಿನ ಪ ದಿಂದ ಮುಂದಿನ ಅಕ್ಷರಗಳನ್ನು ಅವಸರವಾಗಿ ಒಂದೇ ಸಲ ಬರೆದಿಟ್ಟದ್ದು ಯಾಕೆ ಎಂದು ಅವಳಿಗೆ ಆಗ ತಿಳಿದಿರಲಿಲ್ಲ.

ಅವಳು ಇಸ್ತ್ರಿಯನ್ನು ನಿಲ್ಲಿಸಿ ಇಟ್ಟಳು. ಮೇಜಿಗೆ ಒರಗಿದಳು. ಮಡಿಸುವವಳು ಬಗ್ಗಿ ಬಗ್ಗಿ ನೋಡಿದಳು. ಅಷ್ಟು ಹೊತ್ತು ಅವಳ ಬಾಯಿ ಸುಮ್ಮನಿದ್ದದ್ದೇ ಹೆಚ್ಚು.

“ಯಾರು ಬರೆದಿದ್ದಕ್ಕ ಇದು?”

“ನಮ್ಮೋರು.”

“ಇಲ್ಲಿ ಕೈ ನಡುಗಿದೆ.”

“ಹೂಂ” ಎಂದಳು ಇಸ್ತ್ರಿಯಮ್ಮ. “ನಂಗೆ ಇವತ್ತು ಗೊತ್ತಾಯ್ತು.”