ಚಾಚಿ ನೋಡಿ ಹೇಳಿದ ಕಾರ್ಟೂನು

ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಸಾಕು, ಶನಿವಾರ ಬೆಳಗಿನ ಕಾರ್ಟೂನುಗಳ ಮಾತು ಬಂದೇ ಬರುತ್ತದೆ. ಹಾಸಿಗೆಯಿಂದ ಎದ್ದವರೇ ಟಿವಿ ಮುಂದೆ ಕೂತದ್ದು, ಹಲ್ಲುಜ್ಜಲಿಲ್ಲವೆಂದು ಬೈಸಿಕೊಂಡದ್ದು ಎಲ್ಲ ಹೇಳಿ ನಿಟ್ಟುಸಿರು ಬಿಡುತ್ತಾರೆ. ನನಗೆ ಮೊದಲು ಬರುವುದು ಸಿಟ್ಟು. ಇವರಿಗೆಲ್ಲ ಶನಿವಾರ ಶಾಲೆಯೇ ಇರಲಿಲ್ಲವೇ? ಗಜೇಂದ್ರಗಡದ ನಮ್ಮ ಶಾಲೆಗೆ ಶನಿವಾರವೆಂದರೆ ಬೆಳಗಿನ ಶಾಲೆ. ಉಳಿದ ದಿನ ಉಂಡು ನಿಧಾನವಾಗಿ ಹೋಗುತ್ತಿದ್ದವರು ಅಂದು ಮಾತ್ರ ನಸುಕಿನಲ್ಲೇ ಎದ್ದು, ಬಿಳಿ ಬಟ್ಟೆ ತೊಟ್ಟು, ಅಂಗಳದಲ್ಲಿ ಸಾಲಾಗಿ ನಿಂತು ಕವಾಯತು ಮಾಡಬೇಕು. ನಾವು ಕೈ ಎತ್ತಿ ಇಳಿಸುತ್ತ ನಿಂತಿದ್ದಾಗ ದೇಶದ ಉಳಿದ ಮಕ್ಕಳೆಲ್ಲ ಕಾರ್ಟೂನು ನೋಡುತ್ತಿದ್ದರೆಂದು ಕಾಣುತ್ತದೆ.

ಆದರೂ ಆ ಶನಿವಾರಗಳಿಗಾಗಿ ಅವರಿಗಿಂತ ಹೆಚ್ಚು ಹಂಬಲಿಸುವವಳು ನಾನೇ. ನಮ್ಮ ಪರವಾಗಿ ಕಾರ್ಟೂನು ನೋಡಲು ಪಕ್ಕದ ಮನೆಯ ಚಾಚಿ ಇದ್ದರು.

ಚಾಚಿಯ ಯಜಮಾನರು ಬಳೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ಚಾಚಿ ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದರು. ಹೊಲಿಗೆ ಯಂತ್ರದ ಎದುರಿಗೇ ಒಂದು ಸಣ್ಣ ಕಪ್ಪು-ಬಿಳುಪು ಟಿವಿ. ನಮ್ಮ ಮನೆಯಲ್ಲಿ ಅದೂ ಇರಲಿಲ್ಲ. ಶನಿವಾರ ಶಾಲೆ ಬಿಟ್ಟೊಡನೆ ನಾನು ಮತ್ತು ತಂಗಿ ಪಾಟಿಚೀಲದ ಸಮೇತ ಅವರ ಮನೆಗೆ ನುಗ್ಗುತ್ತಿದ್ದೆವು. ಕಾರ್ಟೂನು ಬರುತ್ತಿದ್ದದ್ದು ಹಿಂದಿಯಲ್ಲಿ. ಮನೆಯಲ್ಲಿ ಉರ್ದು ಆಡುವ ಚಾಚಿಗೆ ಒಂದಕ್ಷರವೂ ಬಿಡದೆ ತಿಳಿಯುತ್ತದೆ ಎಂದು ನಾವು ನಂಬಿದ್ದೆವು.

"ಚಾಚಿ, ಇವತ್ತ ನರಿ ಏನ್ ಮಾಡಿತ್ರಿ?"

"ತಡೀರೆವ್ವಾ, ಉಸಿರು ಬಿಡಾಕರ ಬಿಡ್ರಿ," ಎಂದು ಚಾಚಿ ಹಲ್ಲಿನಲ್ಲಿ ದಾರ ಕಡಿದು ನಮ್ಮ ಕಡೆ ತಿರುಗುತ್ತಿದ್ದರು. ಆಮೇಲೆ ಶುರು. ಒಂದು ನರಿ, ಅದರ ಗೆಳೆಯ ಒಂದು ಗುಂಡು ಕರಡಿ. ಇಬ್ಬರೂ ನಮ್ಮೂರಿಂದ ರೋಣಕ್ಕೆ ಹೊರಟಿದ್ದಾರೆ. ಬಸ್ಸು ಬಂದದ್ದೇ ತಡ, ನರಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಿತು. ಹತ್ತಿ ನೋಡಿದರೆ ಆ ಟವೆಲ್ ಮೇಲೆ ಶಿರೋಳದ ಒಬ್ಬ ಅಜ್ಜಿ ಆರಾಮಾಗಿ ಕೂತು ಎಲೆ-ಅಡಿಕೆ ಮೆಲ್ಲುತ್ತಿದ್ದಾಳೆ. ಅಜ್ಜಿಗೂ ನರಿಗೂ ಹತ್ತಿದ ಜಗಳವನ್ನು ಚಾಚಿ ಎರಡು ದನಿಯಲ್ಲಿ ಆಡಿ ತೋರಿಸುತ್ತಿದ್ದರು. ನಾವು ನಕ್ಕು ನಕ್ಕು ನೆಲಕ್ಕೆ ಉರುಳುತ್ತಿದ್ದೆವು.

ತಂಗಿಗೆ ಬಣ್ಣದ ಹುಚ್ಚು. "ನರಿ ಅಂಗಿ ಯಾವ ಬಣ್ಣದ್ದಿತ್ರಿ?" ಎಂದು ಕೇಳುತ್ತಿದ್ದಳು. ಚಾಚಿ ಕಾಲ ಬಳಿಯ ಚಿಂದಿಯಲ್ಲಿ ಕೈಯಾಡಿಸಿ ಒಂದು ಚೂರು ಎತ್ತಿ ಹಿಡಿದು, "ಇದ ನೋಡು, ಖರೇ ಇದ ಬಣ್ಣ," ಎನ್ನುತ್ತಿದ್ದರು. ಕಪ್ಪು-ಬಿಳುಪು ಟಿವಿಯಲ್ಲಿ ಬಣ್ಣ ಹೇಗೆ ಕಂಡಿತು ಎಂದು ನಮಗೆ ಹೊಳೆಯಲೇ ಇಲ್ಲ. ಹಿಂದಿ ಟಿವಿಯವರಿಗೆ ರೋಣದ ಬಸ್ಸು ಹೇಗೆ ಗೊತ್ತು ಎಂದೂ ಹೊಳೆಯಲಿಲ್ಲ. ನಮ್ಮ ಊರು ಅಷ್ಟು ದೊಡ್ಡದು ಎಂಬ ಜಂಭ ಮಾತ್ರ ಇತ್ತು.

ಮೂರನೆಯ ಇಯತ್ತೆ ಮುಗಿಯುವ ಹೊತ್ತಿಗೆ ನನಗೆ ಒಂದೇ ಆಸೆ: ಆ ನರಿಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಬೇಸಿಗೆ ಸೂಟಿ ಬಿಟ್ಟ ಮರುದಿನವೇ ಮುಶಿಗೇರಿಯ ಅಜ್ಜಿಯ ಮನೆಗೆ ಹೋಗುವುದು ವಾಡಿಕೆ. ಆ ವರ್ಷ ಶನಿವಾರ ಕಳೆಯುವ ತನಕ ಬರುವುದಿಲ್ಲ ಎಂದು ಹಟ ಹಿಡಿದೆ.

"ಅಲ್ಲಿ ಅಜ್ಜಿ ದಾರಿ ಕಾಯಾಕತ್ತಾಳ, ಇಕಿಗೆ ನರಿ ಚಿಂತಿ!" ಎಂದು ಅವ್ವ ಗೊಣಗಿದಳು. ವಿಚಿತ್ರವೆಂದರೆ ಚಾಚಿಯೂ ಅವ್ವನ ಕಡೆಗೇ ವಾಲಿದರು. "ಹೋಗ್ರೆವ್ವಾ, ಅಜ್ಜಿ ಒಬ್ಬಾಕಿ ಅದಾಳ. ಟಿವಿ ಎಲ್ಲಿ ಓಡಿ ಹೊಕ್ಕೈತಿ?" ಎಂದು ದಿನಕ್ಕೊಮ್ಮೆ ಹೇಳತೊಡಗಿದರು. ನನ್ನ ಹಟ ನನ್ನದು.

ಆ ಶನಿವಾರ ನಾನೂ ತಂಗಿಯೂ ಮಿಂದು, ತಲೆ ಬಾಚಿಕೊಂಡು, ಟಿವಿ ಮುಂದೆ ಕೂತೆವು. ನರಿ ಬಂತು. ಓಡಿತು, ಬಿತ್ತು, ಕರಡಿಯ ಕೈಯಲ್ಲಿ ಪೆಟ್ಟು ತಿಂದಿತು, ಮತ್ತೆ ಓಡಿತು. ಕರಡಿ ಅದರ ಗೆಳೆಯನೇ ಅಲ್ಲ, ಅಟ್ಟಿಸಿಕೊಂಡು ಬರುವ ವೈರಿ. ಮಾತು ಒಂದೂ ತಿಳಿಯಲಿಲ್ಲ. ಚಾಚಿ ತಲೆ ಎತ್ತದೆ ಯಂತ್ರ ತುಳಿಯುತ್ತಿದ್ದರು. ಕೊನೆಗೆ ಹೆಸರುಗಳು ಓಡಿ ಕಾರ್ಟೂನು ಮುಗಿಯಿತು. ತಂಗಿ ಮಾತ್ರ ಇನ್ನೂ ಕಾಯುತ್ತಿದ್ದಳು.

"ಚಾಚಿ, ಬಸ್ಸ ಯಾವಾಗ ಬರ್ತೈತ್ರಿ?"

ಯಂತ್ರ ನಿಂತಿತು. "ಬಸ್ಸ ಅದರಾಗ ಇಲ್ಲವ್ವಾ," ಎಂದರು ಚಾಚಿ. "ನನಗೂ ಆ ಹಿಂದಿ ಅಷ್ಟು ಲಗೂ ತಿಳಿಯಂಗಿಲ್ಲ. ನಾನ ಹಚ್ಚಿ ಹಚ್ಚಿ ಹೇಳೇನಿ."

ನನಗೆ ಎಲ್ಲಿತ್ತೋ ಸಿಟ್ಟು. ವರ್ಷವಿಡೀ ಶಾಲೆಯಲ್ಲಿ ನಾನು ಅದೇ ಕತೆ ಹೇಳಿ ಮೆರೆದಿದ್ದೆ. "ಇಷ್ಟ ದಿನಾ ಸುಳ್ಳ ಹೇಳೀರಿ!" ಎಂದು ಚೀರಿ, ತಂಗಿಯನ್ನು ದರದರ ಎಳೆದುಕೊಂಡು ಮನೆಗೆ ಬಂದೆ.

ಮುಶಿಗೇರಿಯಲ್ಲಿ ಅಜ್ಜಿಯ ಎದುರು ಮನೆಗೆ ಬಣ್ಣದ ಟಿವಿ ಬಂದಿತ್ತು. ಸೂಟಿಯ ಶನಿವಾರವೆಲ್ಲ ಅಲ್ಲೇ ಕೂತು ನೋಡಿದೆ. ನರಿ ಕಿತ್ತಳೆ ಬಣ್ಣದ್ದು, ಅಂಗಿಯೇ ಹಾಕುತ್ತಿರಲಿಲ್ಲ. ಚಲೋ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಮುಗಿದ ಮೇಲೆ ಯಾರಿಗೂ ಹೇಳಬೇಕು ಅನ್ನಿಸುತ್ತಿರಲಿಲ್ಲ. ನರಿ ಯಾವ ಊರಿಗೂ ಹೋಗುತ್ತಿರಲಿಲ್ಲ, ಸೀಟಿಗಾಗಿ ಯಾರ ಜೊತೆಗೂ ಜಗಳ ಆಡುತ್ತಿರಲಿಲ್ಲ. ನನಗೆ ಚಾಚಿಯ ನೆನಪು ಭಾಳ ಆಯಿತು. ಇನ್ನು ಆ ಮನೆಗೆ ಯಾವ ಮುಖ ಹೊತ್ತು ಹೋಗುವುದು ಎಂಬ ಹೆದರಿಕೆಯೂ ಆಯಿತು.

ಶಾಲೆ ಶುರುವಾದ ಮೊದಲ ಶನಿವಾರ ಮಧ್ಯಾಹ್ನ ಚಾಚಿಯ ಬಾಗಿಲು ದಾಟಿ ಮುಂದೆ ಹೋದೆ, ಮತ್ತೆ ಹಿಂದೆ ಬಂದೆ. ತಂಗಿ ನನ್ನ ಲಂಗ ಹಿಡಿದು ನಿಂತಿದ್ದಳು. ಹೊಸ್ತಿಲ ಹೊರಗಿನಿಂದಲೇ ಕೇಳಿದೆ.

"ಚಾಚಿ, ಇವತ್ತ ನರಿ ಏನ್ ಮಾಡಿತ್ರಿ?"

ಚಾಚಿ ನನ್ನನ್ನೇ ನೋಡಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ಯಾವ ನರಿ? ಟಿವ್ಯಾಗಿಂದೋ, ನಮ್ಮದೋ?"

"ನಮ್ಮದ್ರಿ," ಎಂದೆ.

ಚಾಚಿ ಎದ್ದು ಹೋಗಿ ಓಡುತ್ತಿದ್ದ ಟಿವಿಯನ್ನು ಆರಿಸಿ ಬಂದು, ನಮಗೆ ಕೂರಲು ಚಾಪೆ ಹಾಸಿದರು.