ವೆಡ್ಸನ್ ಚಿರಂಬೋ ನಡೆದು ಬರೆದ ಪಟ್ಟಿ

ಸರೋವರದ ದಂಡೆಯ ಆ ಪುಟ್ಟ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ರಕ್ತದಾನಿಗಳ ಪಟ್ಟಿ ತೆರೆಯುವುದೇ ನಿಂತಿತು. ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಮಾತು ಸಾಗಿಸುವ ಲೈಬ್ರರಿಯನ್ನು ಹಿಂದಿನ ದಿನ ಬದಲಾಯಿಸಿದ್ದರು; ಮಾಹಿತಿ ಹುಡುಕಿ ತರುವ ಹಳೆಯ ಕ್ವೆರಿಗಳನ್ನು ಹೊಸದು ಮೂಸಿಯೂ ನೋಡಲಿಲ್ಲ. ಸರಿಪಡಿಸಲು ಮ್ಜುಜು ಪಟ್ಟಣದಿಂದ ಸಾಫ್ಟ್‌ವೇರ್ ಎಂಜಿನಿಯರ್ ತವೊಂಗ ಮುನ್ಥಲಿ ಬಂದಳು.

ಒಟ್ಟು ನೂರ ಎಂಬತ್ತು ಕ್ವೆರಿ. ಬರೆದವನು ಲ್ಯಾಬಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ವೆಡ್ಸನ್ ಚಿರಂಬೋ. ಎಂಟನೆಯ ತರಗತಿ ಓದಿ, ಯಾರೋ ಬಿಟ್ಟುಹೋದ ಪುಸ್ತಕ ನೋಡಿ ಕಲಿತವನು, ಈಗ ನಿವೃತ್ತ. ತವೊಂಗ ಒಳಗೊಳಗೇ ನಕ್ಕಳು. ದಾನಿಗಳ ಹೆಸರುಗಳು ಕೆ-ಒಂದು, ಕೆ-ಎರಡು ಎಂಬ ಕಾಲಂಗಳ ಪ್ರಕಾರ ಹಿಂದೆ ಮುಂದೆ ಜೋಡಣೆಯಾಗುತ್ತಿದ್ದವು. ಒಳಗೆ ಬರೀ ಅಂಕಿ, ವಿವರಣೆಯಿಲ್ಲ. ಹಾಗೆ ಜೋಡಿಸುವ ಸಾಲನ್ನು ಕಸವೆಂದು ಕಿತ್ತು ಅಕ್ಷರಕ್ರಮ ಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಲ್ಲಲಿಲ್ಲ. ಸಿಸ್ಟರ್ ಎಸ್ನಾತ್ ಪಟ್ಟಿ ಹಿಡಿದು ತವೊಂಗಳ ಬಳಿ ಬಂದಳು.

"ಏನಮ್ಮಾ ಇದು? ಮೊದಲನೇ ಹೆಸರಿನೋನು ಗುಡ್ಡದಾಚೆ ಇರೋನು, ದೋಣೀಲಿ ಬರ್ಬೇಕು! ಇವಳಿಗೆ ಅಷ್ಟು ಹೊತ್ತಿಲ್ಲ."

ಎಸ್ನಾತ್ ವೆಡ್ಸನ್‌ಗೆ ಫೋನ್ ಮಾಡಿ ಬಾಣಂತಿಯ ರಕ್ತದ ಗುಂಪು ಹೇಳಿದಳು. ಆ ಕಡೆಯಿಂದ ಸಾವಧಾನದ ದನಿ: "ಈಗ ಮಾರ್ಚು, ನಮ್ಮಲ್ಲಿ ಮಳೆಗಾಲ, ಹೊಳೆ ತುಂಬಿರುತ್ತೆ. ದಾಟಿ ಬರೋರನ್ನ ಬಿಡಿ. ಇಟ್ಟಿಗೆ ಗೂಡಿನ ಹತ್ರ ತಿಯಮಿಕೆ ಇದ್ದಾಳಲ್ಲ, ಅವಳು ಇಪ್ಪತ್ತೆರಡು ನಿಮಿಷ."

ಮೊಣಕಾಲುವರೆಗೆ ಕೆಸರು ಮೆತ್ತಿಕೊಂಡು ತಿಯಮಿಕೆ ಬಿರಬಿರನೆ ನಡೆದು ಬಂದಾಗ ಕರೆ ಹೋಗಿ ಇಪ್ಪತ್ತೊಂದು ನಿಮಿಷವಾಗಿತ್ತು. ಬಾಣಂತಿ ಉಳಿದಳು.

ತವೊಂಗ ನೇರ ಮುದುಕನ ಮನೆಗೆ ಹೋದಳು. ಅವನು ಚಪ್ಪರದ ಮೇಲೆ ಉಸಿಪಾ ಮೀನು ಹರವುತ್ತಿದ್ದ.

"ಅಜ್ಜಾ, ಆ ಸಾಲು ಕಿತ್ತಿದ್ದು ನಾನೇ. ಏನದು ಕೆ?"

"ಕ್ವೆಂಡ. ನಡಿಗೆ ಕಣಮ್ಮಾ, ಮನೆಯಿಂದ ಆಸ್ಪತ್ರೆಗೆ ಎಷ್ಟು ನಿಮಿಷ ಅಂತ. ಒಂದು ಬೇಸಿಗೆ ದಾರಿ, ಇನ್ನೊಂದು ಮಳೆಗಾಲದ್ದು. ತಿಂಗಳು ನೋಡಿ ಅದೇ ಆರಿಸ್ಕೊಳ್ಳುತ್ತೆ."

"ಅಳೆದೋರು ಯಾರು?"

"ಇನ್ಯಾರು? ಶನಿವಾರ ಶನಿವಾರ ವಾಚ್ ಕಟ್ಕೊಂಡು ಹೊರಡ್ತಿದ್ದೆ. ಆರುನೂರ ಹದಿಮೂರು ಮನೆ. ಮಳೇಲಿ ಮತ್ತೆ ಅಷ್ಟೇ. ನಮ್ಮನೆಯವಳು, ಎಲ್ಲೋ ಇನ್ನೊಂದು ಸಂಸಾರ ಇಟ್ಟಿದ್ದಾನೆ ಅಂತ ಎರಡು ವರ್ಷ ಮುಖ ಊದಿಸ್ಕೊಂಡಿದ್ಲು."

"ಎಲ್ಲಾದ್ರೂ ಬರೆದಿಡಬಾರ್ದಿತ್ತಾ?"

"ಯಾರೂ ಕೇಳ್ಲಿಲ್ಲವಲ್ಲ."

ತವೊಂಗ ದೊಡ್ಡ ದೊಡ್ಡ ಕಚೇರಿಗಳ ಯಂತ್ರಗಳನ್ನು ಬಿಚ್ಚಿ ನೋಡಿದ್ದವಳು. ಎರಡು ಕಾಲಂ ಅಂಕಿಗಳಲ್ಲಿ ಒಬ್ಬ ಮನುಷ್ಯನ ಅಷ್ಟೂ ಶನಿವಾರಗಳು ಮಲಗಿದ್ದನ್ನು ಎಲ್ಲಿಯೂ ಕಂಡಿರಲಿಲ್ಲ.

ಮೂರು ದಿನದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಕಿತ್ತ ಸಾಲು ಮೊದಲು ಮರಳಿತು. ಆಮೇಲೆ ಒಂದೊಂದು ಕ್ವೆರಿಯನ್ನೂ ಅವಳು ಓದಿ ಹೇಳುವಳು. ಪೊರೆ ಬಂದ ಕಣ್ಣು ಮುಚ್ಚಿ ಅವನು ಅರ್ಥ ಹೇಳುವನು. ನಂತರವೇ ಹೊಸ ಲೈಬ್ರರಿಗೆ ತಕ್ಕಂತೆ ತಿದ್ದುವಳು. ಒಂದರಲ್ಲಿ ಫ್ಯಾನಿ ಎಂಬವಳ ಹೆಸರನ್ನು ಮಾತ್ರ ಬಿಟ್ಟು ಹುಡುಕುವ ಸಾಲಿತ್ತು.

"ಅವಳಾ? ಹಾಲೂಡಿಸ್ತಿದ್ಲು, ಕರೀಬಾರ್ದು ಅಂತ ಹಾಕಿದ್ದೆ," ಎಂದು ಮುದುಕ ತಡೆದು ಬೆರಳು ಮಡಚಿ ಎಣಿಸಿದ. "ಆ ಮಗು ಈಗ ಶಾಲೆಗೆ ಹೋಗುತ್ತೆ. ಆ ಸಾಲು ತೆಗಿ ಮಗಳೇ, ಇನ್ನು ಕರೀಬಹುದು."